ಲಕೋಟೆ ತೆರೆದವರ ಹೊಣೆ

ನಾವು ನಾಲ್ಕನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿದೆವು, ಆಮೇಲೆ ಕನ್ನಡ ಶಾಲೆಗೆ ಸೇರಿದೆವು. ಎರಡೂ ಲಿಪಿ ಬಲ್ಲ ಮಕ್ಕಳು ನಮ್ಮ ಮೊಹಲ್ಲಾದಲ್ಲಿ ಕಡಿಮೆಯಿದ್ದುದರಿಂದ ಹತ್ತು-ಹನ್ನೊಂದರ ವಯಸ್ಸಿಗೇ ನಮಗೊಂದು ಉದ್ಯೋಗ ಸಿಕ್ಕಿತ್ತು. ಕರೆಂಟಿನ ಬಿಲ್ಲು, ಪುರಸಭೆಯ ನೋಟೀಸು ಬಂದರೆ ಕನ್ನಡ ಓದಿ ಹೇಳಬೇಕು; ಸೌದಿಯಿಂದ ಪತ್ರ ಬಂದರೆ ಉರ್ದು ಓದಿ ಹೇಳಬೇಕು. ಸಂಬಳ ಒಂದು ತುಂಡು ಬೆಲ್ಲ, ಇಲ್ಲವೇ ಅರ್ಧ ಲೋಟ ಚಹಾ.

ಹಿಂದಿನ ಬೀದಿಯ ಖಾಲಾ ನಮ್ಮ ಖಾಯಂ ಗಿರಾಕಿ. ಅವರ ಗಂಡ ಜಿದ್ದಾದಲ್ಲಿ ಕೆಲಸಕ್ಕಿದ್ದರು. ತಿಂಗಳಿಗೊಂದೆರಡು ಬಾರಿ ಕೆಂಪು-ನೀಲಿ ಅಂಚಿನ ಲಕೋಟೆ ಬರುತ್ತಿತ್ತು. ಖಾಲಾ ಅಂಚನ್ನು ಜೋಪಾನವಾಗಿ ಹರಿದು, ಪತ್ರವನ್ನು ನಮ್ಮ ಕೈಗಿತ್ತು, ಬಾಗಿಲನ್ನು ಅರ್ಧ ಮುಚ್ಚಿ ಕೂರುತ್ತಿದ್ದರು. 1992ರಲ್ಲಿ ಬಂದ ಒಂದು ಪತ್ರದಲ್ಲಿ ಅವರ ಗಂಡ ಬರೆದಿದ್ದರು: ಮೂರು ತಿಂಗಳಿಂದ ಸಂಬಳವಿಲ್ಲ, ಕಫೀಲ ಕೆಲಸ ನಿಲ್ಲಿಸಿದ್ದಾನೆ, ಬೇರೆ ಕಡೆ ಹುಡುಕುತ್ತಿದ್ದೇನೆ, ವೀಸಾಕ್ಕೆ ಸಾಲ ಕೊಟ್ಟವರ ಕಿವಿಗೆ ಈ ಸುದ್ದಿ ಸದ್ಯಕ್ಕೆ ಬೀಳದಿರಲಿ. ನಾವು ಓದಿ ಮುಗಿಸಿದೆವು. ಖಾಲಾ ಅಳಲಿಲ್ಲ. ಪತ್ರ ಮಡಚಿ ಅಕ್ಕಿ ಡಬ್ಬಿಯ ಹಿಂದೆ ಇಟ್ಟರು.

ರಾತ್ರಿ ಊಟಕ್ಕೆ ಕುಳಿತಾಗ ನಾವು ಅಮ್ಮಿಗೆ ಹೇಳಿದೆವು. ಖಾಲಾರ ಮೇಲೆ ನಮಗೆ ಸಿಟ್ಟೇನೂ ಇರಲಿಲ್ಲ. ದೊಡ್ಡವರ ಸುದ್ದಿಯೊಂದು ನಮ್ಮ ಬಳಿ ಇದೆಯೆಂಬ ಹಮ್ಮು ಇದ್ದಿರಬೇಕು. ಅಮ್ಮಿ ಕನಿಕರದಿಂದಲೇ ತಮ್ಮ ತಂಗಿಗೆ ಹೇಳಿದರು. ತಂಗಿ ಕನಿಕರದಿಂದಲೇ ಇನ್ನೊಬ್ಬರಿಗೆ ಹೇಳಿದರು. ಶುಕ್ರವಾರ ಜುಮಾ ನಮಾಜು ಮುಗಿಯುವ ಹೊತ್ತಿಗೆ ಸಾಲ ಕೊಟ್ಟವರು ಖಾಲಾರ ಬಾಗಿಲಲ್ಲಿ ನಿಂತಿದ್ದರು. ಆ ವಾರವೇ ಖಾಲಾರ ಕೈಯ ಎರಡು ಚಿನ್ನದ ಬಳೆಗಳು ಹೋದವು.

ಆ ಪತ್ರ ಜಿದ್ದಾದಿಂದ ನಮ್ಮೂರಿಗೆ ಬರುವಷ್ಟರಲ್ಲಿ ಎಷ್ಟು ಕೈ ದಾಟಿರಬಹುದು? ಅಲ್ಲಿನ ಅಂಚೆ ಕಚೇರಿ, ವಿಮಾನ, ಮುಂಬಯಿಯ ವಿಂಗಡಣೆ, ರೈಲು, ಜಿಲ್ಲಾ ಕೇಂದ್ರ, ತಾಲ್ಲೂಕು, ಕೊನೆಗೆ ನಮ್ಮ ಅಂಚೆಯಣ್ಣನ ಸೈಕಲ್ಲು. ಖಾಲಾರ ಹೆಸರನ್ನೂ ಕೇಳದ ಎಷ್ಟೋ ಜನ ಅದನ್ನು ಮುಟ್ಟಿದರು. ಯಾರೂ ತೆರೆಯಲಿಲ್ಲ. ಸಮುದ್ರ ದಾಟಿ ಸುರಕ್ಷಿತವಾಗಿ ಬಂದ ಮಾತು ಒಡೆದದ್ದು ಕೊನೆಯ ಮೂರು ಅಡಿಯಲ್ಲಿ, ಅವರು ನಂಬಿ ಕರೆದಿದ್ದ ನಮ್ಮ ಬಾಯಲ್ಲಿ.

ಇದೆಲ್ಲ ಮತ್ತೆ ನೆನಪಾದದ್ದು 2025ರ ಸೆಪ್ಟೆಂಬರಿನಲ್ಲಿ. ಈಗ ಖಾಲಾರ ಮಗ ಜಿದ್ದಾದಲ್ಲಿದ್ದಾನೆ. ದಿನವೂ ಮೊಬೈಲಿನಲ್ಲಿ ಮುಖ ತೋರಿಸಿ ಮಾತನಾಡುತ್ತಾನೆ. ಆ ದಿನಗಳಲ್ಲಿ ಅವನ ಮುಖ ಚೌಕ ಚೌಕವಾಗಿ ಒಡೆದು ನಿಲ್ಲುತ್ತಿತ್ತು, ದನಿ ಮುರಿದು ಬರುತ್ತಿತ್ತು. "ಫೋನ್ ಕೆಟ್ಟಿದೆಯೋ ಏನೋ, ಸ್ವಲ್ಪ ನೋಡು ಬಾವಾ" ಎಂದು ಖಾಲಾ ಕರೆಸಿದರು. ನಮಗೆ ಅರ್ಥವಾಗದೆ, ಬೀದಿಯ ಮನೆಗಳಿಗೆ ಇಂಟರ್‌ನೆಟ್ ತಂತಿ ಎಳೆಯುವ ಹುಡುಗನನ್ನು ಕರೆದೆವು. ಅವನು ಫೋನನ್ನು ಮುಟ್ಟಲೂ ಇಲ್ಲ. "ಫೋನ್ ಸರಿಯಾಗಿದೆ ಸರ್. ಜಿದ್ದಾ ಹತ್ತಿರ ಕೆಂಪು ಸಮುದ್ರದಲ್ಲಿ ಕೇಬಲ್ ಕಟ್ಟಾಗಿದೆ. ಡಾಟಾ ಸುತ್ತಿ ಬಳಸಿ ಬರ್ತಾ ಇದೆ" ಎಂದ. ಅವನ ಮಾತು ನಿಜವಿತ್ತು. ಆ ತಿಂಗಳು ಜಿದ್ದಾ ಸಮೀಪ ಸಮುದ್ರದಡಿಯ ಕೇಬಲ್‌ಗಳಿಗೆ ಹಾನಿಯಾಗಿ ಭಾರತ, ಪಾಕಿಸ್ತಾನ, ಕೊಲ್ಲಿ ದೇಶಗಳಲ್ಲಿ ಇಂಟರ್‌ನೆಟ್ ನಿಧಾನವಾಗಿತ್ತು.

ನಾವು ಕುತೂಹಲಕ್ಕೆ ಕೇಳಿದೆವು: "ನಮ್ಮ ಮಾತೆಲ್ಲ ನಿಮ್ಮ ತಂತಿಯಲ್ಲೇ ಹೋಗುತ್ತಲ್ಲ, ನಿಮಗೆ ಕೇಳಿಸುತ್ತದೆಯೇ?" ಹುಡುಗ ನಕ್ಕ. "ನಮಗೆ ಅಡ್ರೆಸ್ ಗೊತ್ತಾದ್ರೆ ಸಾಕು ಸರ್. ಒಳಗೇನಿದೆ ಅಂತ ನಮಗ್ಯಾಕೆ?"

ಹುಡುಗ ಸಹಜವಾಗಿ ಆಡಿದ ಆ ಮಾತು ನಮ್ಮನ್ನು ಚುಚ್ಚಿತು. ಕತೆ ಬರೆಯುವುದು ನಮ್ಮ ಕಸುಬು. ಯಂತ್ರಗಳ ವಿಷಯ ನಮ್ಮದಲ್ಲ. ಆದರೂ ಅಂದಿನಿಂದ ಈ ಜಾಲ ಹೇಗೆ ನಡೆಯುತ್ತದೆಂದು ತಿಳಿಯುವ ಹಟ ಹಿಡಿಯಿತು. ತಿಳಿದಷ್ಟೂ ಅದು ನಮಗೆ ಯಂತ್ರದ ವಿಷಯಕ್ಕಿಂತ ಹೆಚ್ಚಾಗಿ ಅಮಾನತ್‌ನ ವಿಷಯವಾಗಿ ಕಾಣತೊಡಗಿತು. ಕನ್ನಡದಲ್ಲಿ 'ಅಮಾನತು' ಎಂದರೆ ನೌಕರನನ್ನು ಕೆಲಸದಿಂದ ದೂರವಿಡುವುದು. ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ್ದು, ಹಾಗೆಯೇ ಮರಳಿಸಬೇಕಾದದ್ದು. ನಮ್ಮ ಬಾಲ್ಯದ ಪ್ರಕರಣದಲ್ಲಿ ಎರಡೂ ಅರ್ಥ ಕೂಡಿದವು. ಅಮಾನತ್‌ಗೆ ದ್ರೋಹ ಮಾಡಿದ್ದಕ್ಕೆ ಖಾಲಾ ನಮ್ಮನ್ನು ಎರಡು ತಿಂಗಳು ಅಮಾನತಿನಲ್ಲಿಟ್ಟರು. ಪತ್ರ ಓದಲು ಕರೆಯಲಿಲ್ಲ.

ಈಗ ಜಾಲದ ಮೊದಲ ಪಾಠಕ್ಕೆ ಬರೋಣ. ಹಳೆಯ ಟೆಲಿಫೋನಿನಲ್ಲಿ ಇಬ್ಬರು ಮಾತನಾಡುವಾಗ ಆ ಇಬ್ಬರ ನಡುವಿನ ದಾರಿ ಇಡಿಯಾಗಿ ಅವರದೇ. ಅವರು ಸುಮ್ಮನಿದ್ದರೂ ದಾರಿ ಬೇರೆಯವರಿಗೆ ಸಿಗದು. ನಡುವೆ ಒಂದು ಕೊಂಡಿ ಕಳಚಿದರೆ ಮಾತೇ ನಿಂತಿತು. 1960ರ ದಶಕದಲ್ಲಿ ಅಮೆರಿಕದ ಪಾಲ್ ಬರಾನ್ ಮತ್ತು ಬ್ರಿಟನ್ನಿನ ಡೊನಾಲ್ಡ್ ಡೇವಿಸ್ ಎಂಬ ಇಬ್ಬರು, ಒಬ್ಬರಿಗೊಬ್ಬರ ಕೆಲಸ ತಿಳಿಯದೆಯೇ, ಬೇರೊಂದು ದಾರಿ ಯೋಚಿಸಿದರು. ಸಂದೇಶವನ್ನು ಸಣ್ಣ ತುಣುಕುಗಳಾಗಿ ಕತ್ತರಿಸಿ. ಪ್ರತಿ ತುಣುಕಿನ ಮೇಲೂ ಕಳುಹಿಸುವವರ ವಿಳಾಸ, ಸೇರಬೇಕಾದವರ ವಿಳಾಸ ಬರೆಯಿರಿ. ಜಾಲಕ್ಕೆ ಬಿಡಿ. ಯಾವ ತುಣುಕು ಯಾವ ದಾರಿಯಲ್ಲಿ ಹೋದರೂ ಸರಿ, ಕೊನೆಯಲ್ಲಿ ಜೋಡಿಸಿಕೊಳ್ಳಲಿ. ಆ ತುಣುಕಿಗೆ ಡೇವಿಸ್ ಇಟ್ಟ ಹೆಸರು 'ಪ್ಯಾಕೆಟ್'.

ಇಂದು ಒಂದು ಪ್ಯಾಕೆಟ್ಟಿನ ಗಾತ್ರ ಸಾಮಾನ್ಯವಾಗಿ 1,500 ಬೈಟ್ ಮೀರುವುದಿಲ್ಲ. ಯೂನಿಕೋಡಿನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಅಂದರೆ ಒಂದು ಪ್ಯಾಕೆಟ್ಟಿನಲ್ಲಿ ಹಿಡಿಯುವುದು ಹೆಚ್ಚುಕಡಿಮೆ ಒಂದು ಪೋಸ್ಟ್‌ಕಾರ್ಡಿನಷ್ಟು ಬರಹ. ಮಗ ಕಳಿಸುವ ಒಂದು ಫೋಟೋ ಎರಡು ಸಾವಿರ ಪೋಸ್ಟ್‌ಕಾರ್ಡುಗಳಾಗಿ ಹೊರಡುತ್ತದೆಂದು ತಿಳಿಯಿರಿ.

ಈ ಕಾರ್ಡುಗಳನ್ನು ಸಾಗಿಸುವ ಅಂಚೆಯಣ್ಣನಿಗೆ ರೌಟರ್ ಎಂದು ಹೆಸರು. ಮನೆಯ ಮೂಲೆಯಲ್ಲಿ ಹಸಿರು ದೀಪ ಮಿಟುಕಿಸುವ ಪೆಟ್ಟಿಗೆಯೂ ರೌಟರೇ, ದೇಶಗಳ ನಡುವಿನ ದೊಡ್ಡ ಯಂತ್ರಗಳೂ ರೌಟರ್‌ಗಳೇ. ಜಿದ್ದಾಗೆ ಹೋಗುವ ಪೂರ್ತಿ ದಾರಿ ಯಾವ ರೌಟರಿಗೂ ಗೊತ್ತಿಲ್ಲ. ಅದು ವಿಳಾಸ ನೋಡಿ, "ಇಂಥ ಕಡೆಯ ವಿಳಾಸವಾದರೆ ಮುಂದಿನ ಇಂಥ ರೌಟರಿಗೆ ಕೊಡು" ಎಂಬಷ್ಟು ಮಾತ್ರ ತಿಳಿದಿರುತ್ತದೆ. ಊರಿನ ಬಸ್ ನಿಲ್ದಾಣದಲ್ಲಿ ಕೇಳಿದರೆ ಮಕ್ಕಾಗೆ ದಾರಿ ಯಾರೂ ಹೇಳರು. ಆದರೆ ಬೆಂಗಳೂರು ಬಸ್ಸು ಯಾವುದೆಂದು ಎಲ್ಲರೂ ಹೇಳುತ್ತಾರೆ. ಹಾಗೆ ಒಬ್ಬರಿಂದೊಬ್ಬರಿಗೆ ದಾಟಿ ಕಾರ್ಡು ತಲುಪುತ್ತದೆ. ಪ್ಯಾಕೆಟ್ಟಿನ ಮೇಲೆ ಅದರ ಆಯುಸ್ಸೂ ಒಂದು ಅಂಕಿಯಾಗಿ ಬರೆದಿರುತ್ತದೆ, ಹೆಚ್ಚೆಂದರೆ 255. ಪ್ರತಿ ರೌಟರ್ ಅದರಲ್ಲಿ ಒಂದನ್ನು ಕಳೆಯುತ್ತದೆ. ದಾರಿ ತಪ್ಪಿ ಸುತ್ತುತ್ತಿರುವ ಪ್ಯಾಕೆಟ್ಟಿನ ಲೆಕ್ಕ ಸೊನ್ನೆಗೆ ಬಂದರೆ ಅದನ್ನು ಬಿಸಾಡಲಾಗುತ್ತದೆ. ಇಲ್ಲವಾದರೆ ವಿಳಾಸ ಸಿಗದ ಮಾತುಗಳೇ ಲೋಕವನ್ನು ತುಂಬಿಬಿಡುತ್ತಿದ್ದವು.

ಹಾಗಾದರೆ ಕಳೆದುಹೋದದ್ದರ ಗತಿ? ಜಾಲ ತಲುಪಿಸಿಯೇ ತೀರುತ್ತೇನೆಂದು ಮಾತು ಕೊಡುವುದಿಲ್ಲ. ಪ್ರಯತ್ನ ಮಾಡುತ್ತೇನೆ ಎನ್ನುತ್ತದೆ, ಅಷ್ಟೇ. ಲೆಕ್ಕ ಇಡಬೇಕಾದವರು ತುದಿಗಳಲ್ಲಿರುವ ಇಬ್ಬರು. 1974ರಲ್ಲಿ ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ ಪ್ರಕಟಿಸಿದ, 1983ರ ಜನವರಿ 1ರಂದು ಅಂದಿನ ಮುಖ್ಯ ಜಾಲವಾದ ಅರ್ಪಾನೆಟ್ ಅಳವಡಿಸಿಕೊಂಡ ಪದ್ಧತಿ ಇದು. ಮೊದಲು ಎರಡು ತುದಿಗಳು ಸಲಾಮು ಮಾಡಿಕೊಳ್ಳುತ್ತವೆ: "ಮಾತಾಡಬಹುದೇ?" "ಆಗಬಹುದು, ನನ್ನದು ಕೇಳಿಸುತ್ತಿದೆಯೇ?" "ಕೇಳಿಸುತ್ತಿದೆ." ಆಮೇಲೆ ಪ್ರತಿ ತುಣುಕಿಗೂ ಕ್ರಮಸಂಖ್ಯೆ. ಈ ಕಡೆಯವರು ಕಳಿಸಿದಂತೆಲ್ಲ ಆ ಕಡೆಯವರು "ಇಲ್ಲಿಯವರೆಗೆ ಮುಟ್ಟಿದೆ" ಎಂದು ರಸೀದಿ ಕಳಿಸುತ್ತಾರೆ. ರಸೀದಿ ಬಾರದಿದ್ದರೆ ಇವರು ಮತ್ತೆ ಕಳಿಸುತ್ತಾರೆ. ಮುಖ ನೋಡಿ ಮಾತನಾಡುವ ಕರೆಯಲ್ಲಿ ಹಾಗೆ ಕಾಯಲು ಸಮಯವಿರುವುದಿಲ್ಲ. ಕಳೆದುಹೋದ ತುಣುಕನ್ನು ಬಿಟ್ಟು ಮುಂದೆ ಹೋಗಬೇಕು. ಖಾಲಾರ ಮಗನ ಮುಖ ಚೌಕ ಚೌಕವಾದದ್ದು ಅದಕ್ಕೇ.

ಈ ವ್ಯವಸ್ಥೆಯಲ್ಲಿ ನಡುವಿನವರ ಧರ್ಮ ಎಷ್ಟು ಸರಳವಾಗಿದೆ, ನೋಡಿ. ವಿಳಾಸ ಓದು. ಮುಂದಿನವರಿಗೆ ಕೊಡು. ಇಟ್ಟುಕೊಳ್ಳಬೇಡ. ಪ್ಯಾಕೆಟ್ಟಿನ ತಲೆಬರಹ ಕೆಟ್ಟಿದೆಯೇ ಎಂದು ನೋಡಲು ರೌಟರ್ ಒಂದು ಮೊತ್ತವನ್ನು ತಾಳೆ ಹಾಕುತ್ತದೆ. ಇಂದಿಗೂ ಬಹಳ ಕಡೆ ಬಳಕೆಯಲ್ಲಿರುವ ಹಳೆಯ ಪದ್ಧತಿಯಲ್ಲಿ ಆ ತಾಳೆ ತಲೆಬರಹಕ್ಕೆ ಮಾತ್ರ. ಒಳಗಿನ ಮಾತು ಅದರ ಪಾಲಿನದಲ್ಲ. ಸಾಗಿಸುವವರು ಮುಖ ನೋಡಿ ಮಣೆ ಹಾಕಬಾರದೆಂಬುದೂ ಇದೇ ಧರ್ಮದ ಭಾಗ. 2016ರ ಫೆಬ್ರವರಿ 8ರಂದು ನಮ್ಮ ದೇಶದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ನೋಡುವ ತಾಣ ಯಾವುದು ಎಂಬುದರ ಮೇಲೆ ಬೇರೆ ಬೇರೆ ದರ ವಿಧಿಸುವುದನ್ನು ನಿಷೇಧಿಸಿದ್ದರ ಹಿಂದೆ ಇದ್ದದ್ದೂ ಇದೇ ವಿಚಾರ. ಶ್ರೀಮಂತರ ಪತ್ರವೂ ಬಡವರ ಪತ್ರವೂ ಒಂದೇ ಚೀಲದಲ್ಲಿ ಹೋಗಬೇಕು.

ಆದರೆ ನಡುವಿನವರೆಲ್ಲ ಪ್ರಾಮಾಣಿಕರಾದರೆ ಸಾಕೇ? ಜಾಲ ಕಟ್ಟಿದವರೇ ಈ ಪ್ರಶ್ನೆ ಕೇಳಿಕೊಂಡಿದ್ದರು. ಅಮೆರಿಕದ ಎಂಐಟಿಯ ಮೂವರು ವಿಜ್ಞಾನಿಗಳು, ಸಾಲ್ಟ್‌ಜರ್, ರೀಡ್ ಮತ್ತು ಕ್ಲಾರ್ಕ್, 1981ರಲ್ಲಿ ಮಂಡಿಸಿ 1984ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ತಮ್ಮ ಸಂಸ್ಥೆಯಲ್ಲೇ ನಡೆದ ಘಟನೆಯೊಂದನ್ನು ಹೇಳುತ್ತಾರೆ. ಅಲ್ಲಿ ಹಲವು ಜಾಲಗಳನ್ನು ಜೋಡಿಸಲಾಗಿತ್ತು. ಒಂದು ಯಂತ್ರದಿಂದ ಇನ್ನೊಂದು ಯಂತ್ರಕ್ಕೆ ಹೋಗುವ ಪ್ರತಿ ಹೆಜ್ಜೆಯಲ್ಲೂ ತಾಳೆ ನೋಡುವ ಏರ್ಪಾಡಿತ್ತು. ಹೀಗಾಗಿ ಸಾಗಾಟದಲ್ಲಿ ತಪ್ಪಾಗದೆಂದು ಎಲ್ಲರೂ ನೆಮ್ಮದಿಯಿಂದಿದ್ದರು. ಆದರೆ ನಡುವಿನ ಒಂದು ಯಂತ್ರ, ಬಂದದ್ದನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿಕೊಳ್ಳುವಾಗ, ಸುಮಾರು ಹತ್ತು ಲಕ್ಷ ಬೈಟಿಗೊಮ್ಮೆ ಎರಡು ಬೈಟ್‌ಗಳನ್ನು ಅದಲುಬದಲು ಮಾಡುತ್ತಿತ್ತು. ತಾಳೆ ನಡೆಯುತ್ತಿದ್ದುದು ಯಂತ್ರಗಳ ನಡುವಿನ ದಾರಿಯಲ್ಲಿ. ತಪ್ಪು ಆಗುತ್ತಿದ್ದುದು ಯಂತ್ರದ ಹೊಟ್ಟೆಯೊಳಗೆ. ಮತ್ತೆ ಮತ್ತೆ ಆ ದಾರಿಯಲ್ಲಿ ಹಾದ ಕಡತಗಳು ಸದ್ದಿಲ್ಲದೆ ಕೆಟ್ಟವು. ಕೊನೆಗೆ ಕಡತಗಳ ಒಡೆಯರು ಹಳೆಯ ಅಚ್ಚಿನ ಪ್ರತಿಗಳನ್ನು ಮುಂದಿಟ್ಟುಕೊಂಡು ಸಾಲು ಸಾಲಾಗಿ ಕಣ್ಣಲ್ಲೇ ಹೋಲಿಸಿ ತಿದ್ದಬೇಕಾಯಿತು.

ಆ ಮೂವರ ತೀರ್ಮಾನ ಜಾಲಶಾಸ್ತ್ರದ ಮೂಲತತ್ವಗಳಲ್ಲಿ ಒಂದಾಗಿದೆ. ಮಾತು ಸರಿಯಾಗಿ ತಲುಪಿತೇ ಎಂಬುದನ್ನು ಪೂರ್ತಿಯಾಗಿ ಖಾತ್ರಿ ಮಾಡಿಕೊಳ್ಳಲು ಸಾಧ್ಯವಿರುವುದು ತುದಿಗಳಲ್ಲಿ ಇರುವವರಿಗೆ ಮಾತ್ರ. ನಡುವಿನವರು ಎಷ್ಟೇ ಎಚ್ಚರ ವಹಿಸಿದರೂ ಅದು ಸಹಾಯ, ಹೊಣೆ ತುದಿಯದು. ಓದುಗರು ಗಮನಿಸಬೇಕು, ಎಂಜಿನಿಯರುಗಳು ಇದನ್ನು ನೀತಿಪಾಠವೆಂದು ಬರೆಯಲಿಲ್ಲ. ಆದರೆ ಇದನ್ನು ಓದಿದಾಗ ನಮಗೆ ಖಾಲಾರ ಅರ್ಧ ಮುಚ್ಚಿದ ಬಾಗಿಲು ಕಂಡಿತು.

ತುದಿಯ ಹೊಣೆ ಎರಡು ಬಗೆಯದು. ಮೊದಲನೆಯದು ಬಂದ ಮಾತಿನ ನಿಜದ ಹೊಣೆ.

ರೌಟರುಗಳು ದಾರಿಯನ್ನು ಕಲಿಯುವುದು ನೆರೆಯವರ ಮಾತು ನಂಬಿ. "ಇಂಥ ವಿಳಾಸಗಳಿಗೆ ನನ್ನ ಮೂಲಕ ದಾರಿಯಿದೆ" ಎಂದು ಒಂದು ಜಾಲ ಸಾರಿದರೆ ನೆರೆಯ ಜಾಲ ಅದನ್ನು ನಂಬಿ ತನ್ನ ನೆರೆಯವರಿಗೆ ಹೇಳುತ್ತದೆ. 2008ರ ಫೆಬ್ರವರಿಯಲ್ಲಿ ಪಾಕಿಸ್ತಾನದ ಸರಕಾರ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಆದೇಶಿಸಿತು. ಫೆಬ್ರವರಿ 24ರಂದು ಪಾಕಿಸ್ತಾನ ಟೆಲಿಕಾಂ, ಯೂಟ್ಯೂಬಿನ ವಿಳಾಸಗಳಿಗೆ ದಾರಿ ತನ್ನಲ್ಲಿದೆ ಎಂದು ಸಾರಿತು. ತನ್ನ ಜನರ ಕೋರಿಕೆಗಳನ್ನು ಅಲ್ಲೇ ಎಳೆದು ನುಂಗಿಬಿಡುವುದು ಉದ್ದೇಶ. ಆದರೆ ಆ ಸಾರಿಕೆ ದೇಶದ ಗಡಿ ದಾಟಿತು. ಹೊರಗಿನ ದೊಡ್ಡ ಜಾಲವೊಂದು ಪರೀಕ್ಷಿಸದೆ ಒಪ್ಪಿ ಮುಂದಕ್ಕೆ ಹೇಳಿತು, ಅದರ ನೆರೆಯವರೂ ಒಪ್ಪಿದರು. ಹೆಚ್ಚು ನಿಖರವಾದ ವಿಳಾಸಕ್ಕೆ ಹೆಚ್ಚು ಬೆಲೆ ಎಂಬುದು ರೌಟರುಗಳ ನಿಯಮ. ಸುಳ್ಳು ದಾರಿ ನಿಜವಾದ ದಾರಿಗಿಂತ ನಿಖರವಾಗಿತ್ತು. ಸುಮಾರು ಎರಡು ಗಂಟೆಗಳ ಕಾಲ ಲೋಕದ ಬಹುಭಾಗಕ್ಕೆ ಯೂಟ್ಯೂಬ್ ಸಿಗದಾಯಿತು. ಯಾರೂ ಯಂತ್ರ ಮುರಿದಿರಲಿಲ್ಲ. ನೆರೆಯವರ ಮಾತನ್ನು ನೆರೆಯವರು ನಂಬಿದ್ದರು, ಅಷ್ಟೇ.

ಅದು ಎರಡು ಗಂಟೆಯಲ್ಲಿ ಸರಿಹೋಯಿತು. ಸರಿಹೋಗದಂಥದು ನಮ್ಮ ರಾಜ್ಯದಲ್ಲೇ ನಡೆಯಿತು. 2018ರ ಜುಲೈನಲ್ಲಿ ಹೈದರಾಬಾದಿನ ಕೆಲವು ಯುವಕರು ಬೀದರ್ ಜಿಲ್ಲೆಗೆ ಬಂದಿದ್ದರು. ದಾರಿಯಲ್ಲಿ ಶಾಲಾಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರ ಬಗ್ಗೆ ಆ ತಿಂಗಳುಗಳಲ್ಲಿ ದೇಶದಾದ್ಯಂತ ಮೊಬೈಲುಗಳಲ್ಲಿ ಹರಿದಾಡುತ್ತಿದ್ದ ಸುಳ್ಳು ಜನರ ತಲೆಯಲ್ಲಿತ್ತು. ಇವರೇ ಆ ಕಳ್ಳರೆಂಬ ಸುದ್ದಿ ವಾಟ್ಸಾಪಿನಲ್ಲಿ ಅವರ ಕಾರಿಗಿಂತ ವೇಗವಾಗಿ ಓಡಿತು. ಮುರ್ಕಿ ಗ್ರಾಮದಲ್ಲಿ ಗುಂಪು ಅವರನ್ನು ತಡೆಯಿತು. ಒಬ್ಬ ಯುವ ಎಂಜಿನಿಯರ್ ಪ್ರಾಣ ಕಳೆದುಕೊಂಡ, ಜೊತೆಯವರು ಗಾಯಗೊಂಡರು.

ಈಗ ಜಾಲದ ದೃಷ್ಟಿಯಿಂದ ನೋಡಿ. ಅಂದು ಒಂದು ತುಣುಕೂ ಕೆಡಲಿಲ್ಲ. ಕ್ರಮಸಂಖ್ಯೆ ಸರಿಯಿತ್ತು, ರಸೀದಿ ಬಂದಿತ್ತು, ಮೊತ್ತದ ತಾಳೆ ಕೂಡಿತ್ತು. ಕಳಿಸಿದ ಸುಳ್ಳು ಒಂದಕ್ಷರವೂ ಹೆಚ್ಚುಕಡಿಮೆಯಾಗದೆ ತಲುಪಿತು. ಕಳಿಸಿದ್ದೇ ತಲುಪಿತೇ ಎಂದು ಮಾತ್ರ ಯಂತ್ರ ತಾಳೆ ನೋಡಬಲ್ಲದು. ಕಳಿಸಿದ್ದು ನಿಜವೇ ಎಂದು ನೋಡುವ ಯಂತ್ರವನ್ನು ಆ ದಾರಿಯಲ್ಲಿ ಯಾರೂ ಇಟ್ಟಿಲ್ಲ. ಆ ತಾಳೆ ಮನುಷ್ಯರ ಪಾಲಿನದು.

"ನಾನು ಸುಳ್ಳು ಹುಟ್ಟಿಸಲಿಲ್ಲ, ಬಂದದ್ದನ್ನು ಮುಂದಕ್ಕೆ ಕಳಿಸಿದೆ" ಎಂದು ಇಂಥ ಸಂದರ್ಭದಲ್ಲಿ ಎಲ್ಲರೂ ಹೇಳುತ್ತಾರೆ. ಕೇಳಲು ನ್ಯಾಯವಾಗಿಯೇ ಇದೆ. ಅಂಚೆಯಣ್ಣನೂ ಅದನ್ನೇ ಹೇಳುತ್ತಾನಲ್ಲ, ತಂತಿ ಎಳೆಯುವ ಹುಡುಗನೂ ಅದನ್ನೇ ಹೇಳಿದನಲ್ಲ? ಆದರೆ ಅವರಿಗೂ ನಮಗೂ ಒಂದು ವ್ಯತ್ಯಾಸವಿದೆ. ಅವರು ತೆರೆದಿಲ್ಲ. ತೆರೆಯದೆ ಸಾಗಿಸಿದವರಿಗೆ ಮಾತ್ರ "ನಾನು ಸಾಗಿಸಿದೆ ಅಷ್ಟೇ" ಎನ್ನುವ ಹಕ್ಕಿದೆ. ತೆರೆದು, ಓದಿ, ಆಮೇಲೆ ಮುಂದಕ್ಕೆ ಕಳಿಸಿದವರು ಸಾಗಣೆದಾರರಲ್ಲ. ಜಾಲದ ನಿಯಮವೂ ಇದನ್ನೇ ಹೇಳುತ್ತದೆ. ರೌಟರ್ ಪ್ಯಾಕೆಟ್ಟನ್ನು ಮುಂದೆ ಕೊಡುವಾಗ ಮೊದಲು ಕಳುಹಿಸಿದವರ ಗುರುತೇ ಅದರ ಮೇಲೆ ಮುಂದುವರಿಯುತ್ತದೆ. ನೀವು ಒಂದು ಸಂದೇಶವನ್ನು 'ಫಾರ್ವರ್ಡ್' ಮಾಡಿದಾಗ ಹೊರಡುವುದು ಹೊಸ ಪ್ಯಾಕೆಟ್; ಅದರ ಮೇಲೆ ಕಳುಹಿಸಿದವರ ಜಾಗದಲ್ಲಿ ನಿಮ್ಮ ವಿಳಾಸವಿರುತ್ತದೆ. ಯಂತ್ರದ ಲೆಕ್ಕದಲ್ಲಿ ಆ ಮಾತು ಈಗ ನಿಮ್ಮದು. ನೀತಿಯ ಲೆಕ್ಕದಲ್ಲಿ ಬೇರೆ ಹೇಗಾದೀತು?

ತುದಿಯ ಎರಡನೆಯ ಹೊಣೆ ಇದಕ್ಕಿಂತ ಸೂಕ್ಷ್ಮ. ನಾವು ಅಮ್ಮಿಗೆ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಪತ್ರದಲ್ಲಿ ಇದ್ದದ್ದನ್ನೇ ಹೇಳಿದೆವು. ತಪ್ಪಿದ್ದದ್ದು ವಿಳಾಸದಲ್ಲಿ. ಆ ಮಾತು ಖಾಲಾರಿಗೆ ಬಂದದ್ದು, ಅಮ್ಮಿಗೆ ಬಂದದ್ದಲ್ಲ. ನಿಜವೆಂಬ ಒಂದೇ ಕಾರಣಕ್ಕೆ ಯಾವ ಮಾತನ್ನೂ ಯಾರಿಗೂ ಹೇಳಬಹುದೆಂಬ ಭ್ರಮೆ ನಮ್ಮಲ್ಲಿ ಬಹಳವಾಗಿದೆ. ಹುಡುಗಿಯೊಬ್ಬಳ ಫೋಟೋ ನಿಜವಾದದ್ದೇ ಇರಬಹುದು, ಒಬ್ಬರ ಕಾಯಿಲೆಯ ವರದಿ ನಿಜವಾದದ್ದೇ ಇರಬಹುದು, ಮುರಿದ ನಿಕಾಹಿನ ಮಾತುಕತೆ ನಿಜವಾದದ್ದೇ ಇರಬಹುದು. ಸುಳ್ಳು ತಲುಪಿ ಒಬ್ಬನ ಪ್ರಾಣ ಹೋಗಬಹುದಾದರೆ, ನಿಜ ತಪ್ಪು ವಿಳಾಸಕ್ಕೆ ತಲುಪಿ ಒಬ್ಬರ ಮಾನ ಹೋಗಬಹುದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಈಗ ಬೀಗ ಬಂದಿದೆಯಲ್ಲ, ಇನ್ನು ಈ ಅಮಾನತ್‌ನ ಮಾತೇಕೆ? ಮೊದಲು ಪ್ಯಾಕೆಟ್ಟುಗಳು ನಿಜಕ್ಕೂ ಪೋಸ್ಟ್‌ಕಾರ್ಡುಗಳಂತಿದ್ದವು, ನಡುವಿನವರು ಮನಸ್ಸು ಮಾಡಿದರೆ ಓದಬಹುದಿತ್ತು. ಓದುವವರೂ ಇದ್ದರೆಂಬುದು 2013ರಲ್ಲಿ ಎಡ್ವರ್ಡ್ ಸ್ನೋಡನ್ ಹೊರಗೆಡಹಿದ ಅಮೆರಿಕದ ಗುಪ್ತ ಕಾಗದಗಳಿಂದ ಲೋಕಕ್ಕೆ ತಿಳಿಯಿತು. ಈಗ ಬಹಳಷ್ಟು ಮಾತು ಗೂಢಲಿಪಿಯಲ್ಲಿ ಹೋಗುತ್ತದೆ. 2016ರ ಏಪ್ರಿಲಿನಿಂದ ವಾಟ್ಸಾಪಿನ ಖಾಸಗಿ ಸಂದೇಶಗಳೂ ಹಾಗೆಯೇ. ಬೀಗದ ಕೈ ಎರಡು ತುದಿಗಳ ಫೋನುಗಳಲ್ಲಿ ಮಾತ್ರ ಇರುತ್ತದೆ. ಓದಲಾಗದವರಿಗೆ ಓದದಿರುವ ಗುಣ ಯಾಕೆ ಬೇಕು?

ಬೀಗ ಒಳ್ಳೆಯದೇ. ತಪ್ಪು ಮಾಡದವರಿಗೆ ಬೀಗವೇಕೆ ಎನ್ನುವವರಿಗೆ ನಾವು ಖಾಲಾರ ಪತ್ರವನ್ನು ತೋರಿಸುತ್ತೇವೆ. ಅದರಲ್ಲಿ ಯಾವ ಅಪರಾಧವೂ ಇರಲಿಲ್ಲ. ಒಂದು ಕುಟುಂಬದ ಕಷ್ಟವಿತ್ತು, ಸ್ವಲ್ಪ ಕಾಲಾವಕಾಶದ ಆಸೆಯಿತ್ತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತದ್ದು ಖಾಲಾರಂಥವರಿಗಾಗಿಯೂ ಹೌದು.

ಬೀಗದ ಹಿಂದೆ ಸುಳ್ಳು ಹರಡುವವರೂ ಅಡಗುತ್ತಾರೆ, ನಿಜ. ಆದರೆ ಮುರ್ಕಿಯ ಆ ಸುಳ್ಳು ಗುಟ್ಟಾಗಿತ್ತೇ? ಅದನ್ನು ಎಷ್ಟೋ ಜನ ತೆರೆದು ಓದಿದ್ದರು. ನಡುವಿನ ಅಂಚೆಯವರು ಎಲ್ಲರ ಪತ್ರ ಒಡೆಯುವ ಅಗತ್ಯವೇ ಇರಲಿಲ್ಲ. ಓದಿದ ಅಷ್ಟು ಜನರಲ್ಲಿ ಪ್ರತಿಯೊಬ್ಬರೂ ತಮ್ಮ ಕೈಯಲ್ಲಿ ಅದನ್ನು ನಿಲ್ಲಿಸಬಹುದಿತ್ತು. ಆ ತಿಂಗಳಲ್ಲೇ ಕಂಪೆನಿಯವರು ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳಿಸಲಾಗದಂತೆ ಮಾಡಿದರು. ಅದು ಬೆರಳಿಗೆ ಹಾಕಿದ ತಡೆ. ಮನಸ್ಸಿಗೆ ತಡೆ ಹಾಕುವ ವಿದ್ಯೆ ಕಂಪೆನಿಗಳ ಬಳಿ ಇಲ್ಲ.

ಇನ್ನೊಂದು ಮಾತು. ಬೀಗ ಹಾಕಿದರೂ ಲಕೋಟೆಯ ಹೊರಮೈ ಕಾಣುತ್ತಲೇ ಇರುತ್ತದೆ. ವಿಳಾಸ ಮುಚ್ಚಿದರೆ ಅಂಚೆ ಸಾಗುವುದೇ ಇಲ್ಲ. ಯಾವ ವಿಳಾಸದಿಂದ ಯಾವ ವಿಳಾಸಕ್ಕೆ, ಯಾವ ಹೊತ್ತಿಗೆ, ಎಷ್ಟು ಬಾರಿ ಎಂಬುದು ಸಾಗಿಸುವವರಿಗೆ ತಿಳಿಯುತ್ತದೆ. ಅದರ ದಾಖಲೆ ಇಡಬೇಕೆಂದು ಕಾನೂನೂ ಕೇಳುತ್ತದೆ. ಖಾಲಾರ ಮನೆಗೆ ಎರಡು ತಿಂಗಳಿಂದ ಲಕೋಟೆ ಬಂದಿಲ್ಲವೆಂಬುದನ್ನು ನಮ್ಮ ಅಂಚೆಯಣ್ಣ ಚಹಾದಂಗಡಿಯಲ್ಲಿ ಹೇಳಿದ್ದರೂ ಸಾಕಿತ್ತು, ಪತ್ರ ಒಡೆಯುವ ಅಗತ್ಯವಿರಲಿಲ್ಲ. ಅವರು ಹೇಳಲಿಲ್ಲ. ಆದ್ದರಿಂದ ನಡುವಿನವರ ಪ್ರಾಮಾಣಿಕತೆ ಬೀಗ ಬಂದ ಮೇಲೂ ಬೇಕು. ಬೀಗ ಮಾಡಿದ್ದೇನೆಂದರೆ, ಅವರ ಪಾಲಿನ ಹೊಣೆಯನ್ನು ಹಗುರ ಮಾಡಿ ನಮ್ಮ ಪಾಲಿನದನ್ನು ಭಾರ ಮಾಡಿತು. ಮೊದಲು ಮಾತು ಹೊರಬಿದ್ದರೆ ದಾರಿಯಲ್ಲಿ ಯಾರೋ ಕದ್ದರೆಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಈಗ ಕೈ ಬಹುಮಟ್ಟಿಗೆ ಎರಡೇ ತುದಿಗಳಲ್ಲಿದೆ.

1992ರಲ್ಲಿ ಎರಡು ತಿಂಗಳ ಅಮಾನತು ಮುಗಿದ ಮೇಲೆ ಖಾಲಾ ನಮ್ಮನ್ನು ಮತ್ತೆ ಕರೆದರು. ಬೇರೆ ಓದುವವರು ಸಿಗಲಿಲ್ಲವೋ, ನಮ್ಮ ಮುಖ ನೋಡಿ ಕನಿಕರ ಬಂತೋ ತಿಳಿಯದು. ಬಯ್ಯಲಿಲ್ಲ. ಬಳೆಯಿಲ್ಲದ ಕೈಯಿಂದ ಪತ್ರ ಕೊಡುತ್ತ ಇಷ್ಟೇ ಹೇಳಿದರು: "ಪಢ್‌ಕೊ ಭೂಲ್ ಜಾ ಬಾವಾ." ಓದಿ ಮರೆತುಬಿಡು. ಆ ನಂತರ ಏಳೆಂಟು ವರ್ಷ ನಾವು ಅವರ ಪತ್ರಗಳನ್ನು ಓದಿದೆವು. ಅವುಗಳಲ್ಲಿ ಏನಿತ್ತೆಂದು ಇಲ್ಲಿಯೂ ಬರೆಯುವುದಿಲ್ಲ. ಮೊದಲನೆಯದನ್ನು ಬರೆದದ್ದು ಅದು ಆಗಲೇ ಊರಿಗೆಲ್ಲ ತಿಳಿದದ್ದರಿಂದ, ಮತ್ತು ಖಾಲಾರನ್ನು ಕೇಳಿ ಅವರು ಒಪ್ಪಿದ್ದರಿಂದ.

2025ರ ಆ ಸೆಪ್ಟೆಂಬರಿನ ಸಂಜೆ ತಂತಿಯ ಹುಡುಗ ಹೋದ ಮೇಲೆ ಖಾಲಾರ ಫೋನು ನಮ್ಮ ಕೈಯಲ್ಲೇ ಇತ್ತು. ಮುಖ ಕಾಣದಿದ್ದರೇನು, ಮಗ ಉರ್ದುವಿನಲ್ಲಿ ನಾಲ್ಕು ಸಾಲು ಬರೆದು ಕಳಿಸಿದ್ದ. ಸುತ್ತಿ ಬಳಸಿ, ಯಾವ ಯಾವ ದೇಶದ ರೌಟರುಗಳನ್ನೋ ದಾಟಿ, ಒಂದೂ ಅಕ್ಷರ ಕಳೆಯದೆ ಅದು ಬಂದು ಕೂತಿತ್ತು. ಖಾಲಾ ಎದ್ದು ಹೋಗಿ ಬಾಗಿಲನ್ನು ಅರ್ಧ ಮುಚ್ಚಿ ಬಂದು ಕುಳಿತರು.

ನಾವು ಓದಿ ಹೇಳಿದೆವು. ಫೋನನ್ನು ಅವರ ಕೈಗಿತ್ತು ಮನೆಗೆ ಬಂದೆವು. ಊಟಕ್ಕೆ ಕುಳಿತಾಗ ಮನೆಯವರು "ಖಾಲಾರ ಮಗನದು ಏನು ಸಮಾಚಾರ?" ಎಂದು ಕೇಳಿದರು. ಕೇಬಲ್ ಕಟ್ಟಾಗಿದೆಯಂತೆ ಎಂದೆವು.